ಜಗಲಿಯ ವಿರುದ್ಧ ನಾನು ಬರೆದ ಅರ್ಜಿ

ವಾದದಲ್ಲಿ ಗೆದ್ದ ಮೇಲೆ, ಆ ಗೆಲುವಿನಿಂದ ಕೂರಲು ಜಾಗವಿಲ್ಲದೆ ಯಾರು ನಿಂತೇ ಉಳಿದರೆಂದು ನೀವು ಎಂದಾದರೂ ತಿರುಗಿ ನೋಡಿದ್ದೀರಾ? ಉಡುಪಿಯ ಮಾರುಕಟ್ಟೆಯಲ್ಲಿ ಒದ್ದೆ ಗೋಣಿಯಡಿಯಿಂದ ಮಟ್ಟುಗುಳ್ಳ ಬದನೆಯ ಹಸಿ ವಾಸನೆ ಬಂದಾಗಲೆಲ್ಲ ನಾನು ತಿರುಗಿ ನೋಡುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ.

ರಥಬೀದಿಗೆ ಸೇರುವ ಓಣಿಯಲ್ಲಿ ಅಜ್ಜಿಯ ಮನೆಯಿತ್ತು. ಅದರ ಜಗಲಿ ಎರಡು ಮೊಳದಷ್ಟು ಬೀದಿಗೆ ಚಾಚಿಕೊಂಡಿತ್ತು. ತಿಕ್ಕಿ ತಿಕ್ಕಿ ಕನ್ನಡಿಯಾದ ಅದರ ಕಪ್ಪು ನೆಲ ಮಧ್ಯಾಹ್ನದ ಉರಿಯಲ್ಲೂ ಅಂಗಾಲಿಗೆ ತಣ್ಣಗಿರುತ್ತಿತ್ತು. ದೇವರ ದರ್ಶನಕ್ಕೆ ಬಂದ ಪರವೂರಿನವರು, ಬಟ್ಟೆಗಂಟು ಹೊತ್ತ ಬ್ಯಾರಿ ವ್ಯಾಪಾರಿ, ಗದಗದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದ ಹೆಂಗಸರು, ಯಾರೂ ಕೇಳಿ ಕೂರುತ್ತಿರಲಿಲ್ಲ. ಅಜ್ಜಿ ಒಂದು ತಂಬಿಗೆ ನೀರನ್ನೂ ಬಟ್ಟಲಲ್ಲಿ ಬೆಲ್ಲದ ಚೂರುಗಳನ್ನೂ ಅಲ್ಲಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಕುಡಿಯುವವರ ಮುಖ ನೋಡುತ್ತ ನಿಲ್ಲಬಾರದೆಂಬುದು ಅವರ ನಿಯಮ. ಮಟ್ಟು ಊರಿಂದ ಗುಳ್ಳ ಮಾರಲು ಬರುತ್ತಿದ್ದ ಕಮಲಕ್ಕ ಬುಟ್ಟಿ ಇಳಿಸಿ, ಕಂಬಕ್ಕೆ ಬೆನ್ನು ಕೊಟ್ಟು, ಮಂಡಿ ನೀವಿಕೊಳ್ಳುತ್ತ ಬೀದಿಯ ಸುದ್ದಿಯನ್ನೆಲ್ಲ ವಿಚಾರಿಸುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಬಹುಮಾನ ಪಡೆದ ದಿನ ಅವರೇ ಮೊದಲು ಛೇಡಿಸಿದವರು: "ಮಾತಲ್ಲಿ ಗೆದ್ದದ್ದು ಉಂಟಂತೆ ಮಾರಾಯ್ತಿ? ನಾಳೆಯಿಂದ ನನ್ನೊಟ್ಟಿಗೆ ಬಾ. ಗುಳ್ಳ ಕೂಗ್ಲಿಕ್ಕೆ ಜನ ಬೇಕಿತ್ತು!"

ಆ ಚರ್ಚೆಯ ವಿಷಯ ನಗರದ ಬೀದಿಗಳ ಸ್ವಚ್ಛತೆ. ವೇದಿಕೆಯ ಮೇಲೆ ಮಂಡಿಸಿದ್ದನ್ನು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಬೀದಿಗೆ ಚಾಚಿದ ಜಗಲಿಗಳು ಸಾರ್ವಜನಿಕ ಸ್ಥಳದ ಅತಿಕ್ರಮಣವೆಂದು ನಗರಸಭೆಗೆ ಅರ್ಜಿ ಬರೆದು ಓಣಿಯವರಿಂದ ಸಹಿ ಹಾಕಿಸಿದೆ. ನ್ಯಾಯವೆಂದರೆ ಮನೆಯಿಂದಲೇ ಆರಂಭವಾಗಬೇಕೆಂದು ಅಜ್ಜಿಯ ಸಹಿಯನ್ನೂ ಕೇಳಿದೆ. ಅಜ್ಜಿ ಓದಿ, ಸಹಿ ಹಾಕಿದರು. ಕೆಲವೇ ತಿಂಗಳಲ್ಲಿ ನಗರಸಭೆಯವರು ಜಗಲಿಯನ್ನು ಒಡೆದುಹಾಕಿದರು. ನನಗೆ ಹೆಮ್ಮೆಯೆನಿಸಿತು.

ಮರುವಾರ ಕಮಲಕ್ಕ ಬಂದರು. ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಗಳಿಂದ ಹಿಡಿದು, ಹೊಸ ಡಾಂಬರಿನ ಮೇಲೆ ನಿಂತೇ ಇದ್ದರು.

"ಒಳಗೆ ಬಾ ಕಮಲ, ಕೂತ್ಕೋ," ಎಂದರು ಅಜ್ಜಿ. ಅಷ್ಟು ವರ್ಷಗಳಲ್ಲಿ ಆ ಕರೆ ಅದೇ ಮೊದಲು.

"ಬೇಡ ಅಮ್ಮ. ಜಗಲಿಯಲ್ಲಾದ್ರೆ ನನ್ನಷ್ಟಕ್ಕೆ ಕೂತಿರ್ತಿದ್ದೆ. ಒಳಗೆ ಬಂದ್ರೆ ನೆಂಟರ ಹಾಗೆ ಕೂರ್ಬೇಕಲ್ವಾ?" ನಕ್ಕರು. ನನ್ನತ್ತ ನೋಡಲಿಲ್ಲ. ಮತ್ತೆ ಅವರು ಆ ಓಣಿಗೆ ಬರಲಿಲ್ಲ.

ಹೊಸ್ತಿಲು ದಾಟಲು ಕರೆಯದ ಮನೆಯ ಜಗಲಿಯನ್ನು ಇಂದು ನಾನು ಹೊಗಳುವುದು ಸುಲಭ. ಅದರಲ್ಲೂ ಅನ್ಯಾಯವಿತ್ತು. ಆದರೆ ನಾನು ಒಡೆಸಿದ್ದು ಆ ಅನ್ಯಾಯವನ್ನಲ್ಲ, ಅದರ ನಡುವೆಯೂ ಒಬ್ಬ ಹೆಂಗಸು ತನ್ನದಾಗಿಸಿಕೊಂಡಿದ್ದ ಎರಡು ಮೊಳ ನೆಲವನ್ನು. ಅಜ್ಜಿ ತೀರಿಹೋದರು, ಮನೆಯೂ ಹೋಯಿತು. ಅಲ್ಲೀಗ ವಸತಿಗೃಹವಿದೆ, ಅದರ ಕುರ್ಚಿಗಳು ಗಾಜಿನ ಹಿಂದಿವೆ. ಯಾತ್ರಿಕರು ಗೋಡೆಗೆ ಒರಗಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾರೆ. ಅವರ ನಡುವೆ ಹಾದುಹೋಗುವಾಗ ನನ್ನ ಮಂಡಿ ನೋಯುತ್ತದೆ.

ಓಣಿಯನ್ನು ಮತ್ತೆ ಅಗಲಗೊಳಿಸುವ ಮಾತು ನಡೆದಿದೆ. ವಾರ್ಡಿನ ಸಭೆ ಕರೆದಾಗ ದಯವಿಟ್ಟು ಬನ್ನಿ. ನೆರಳಿರುವ ಕಡೆ ಒಂದು ಕಲ್ಲುಬೆಂಚು ಬೇಕೆಂದು ನನ್ನೊಂದಿಗೆ ನೀವೂ ಕೇಳಿ.