ಓಬಕ್ಕನ ಮಂಡಕ್ಕಿ ಮತ್ತು ಅಕ್ಕನ ಸೀರೆಯ ಕಲೆ

ಸ್ವಲ್ಪ ತಡೆಯಿರಿ. ಕೈಯಲ್ಲಿರುವ ಮಿರ್ಚಿಯನ್ನು ಹಾಗೇ ಹಿಡಿದುಕೊಳ್ಳಿ, ಇದೊಂದನ್ನು ಕೇಳಿದ ಮೇಲೆ ತಿನ್ನುವಿರಂತೆ. ಆರಿದರೆ ಆರಲಿ ಬಿಡಿ. ನನ್ನ ಮಾತು ಮುಗಿಯುವಷ್ಟರಲ್ಲಿ ಬಾಣಲೆಯಿಂದ ಇನ್ನೊಂದು ಸುತ್ತು ಎದ್ದಿರುತ್ತದೆ.

ಮೊನ್ನೆ ಸಂಜೆ ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನ ಪಕ್ಕದ ಗಾಡಿಯ ಮುಂದೆ ನಾನೂ ಹೀಗೇ ನಿಂತಿದ್ದೆ. ಗಾಡಿಯವನು ಎರಡು ಮಿರ್ಚಿಯನ್ನು ಹಳೇ ಪೇಪರಿನ ಚೂರಿನಲ್ಲಿಟ್ಟು ಕೊಟ್ಟ. ನೋಡನೋಡುತ್ತಿದ್ದಂತೆ ಪೇಪರಿನ ಮೇಲೆ ಎಣ್ಣೆ ಹರಡಿತು. ಕಡಲೆಬೀಜದಷ್ಟಿದ್ದ ಕಲೆ ಹುಣಸೆಬೀಜದಷ್ಟಾಯಿತು, ಆ ಮಗ್ಗುಲಿನ ಅಕ್ಷರಗಳೆಲ್ಲ ಈ ಮಗ್ಗುಲಿಗೆ ತಿರುಗುಮುರುಗಾಗಿ ಕಾಣತೊಡಗಿದವು. ಮಿರ್ಚಿಯನ್ನು ಹಾಗೇ ಗಾಡಿಯ ಮೇಲಿಟ್ಟೆ. ನಾನು ಮಿರ್ಚಿ ಬಿಟ್ಟು ಬರುವುದೆಂದರೆ! ಗಾಡಿಯವನು ಕೇಳಿಯೇಬಿಟ್ಟ, "ಯಾಕಣ್ಣ, ಹುಷಾರಿಲ್ವಾ?"

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನನ್ನ ಫೋನಿನಲ್ಲಿ ಒಂದು ಪಟ್ಟಿ ಇದೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನಿಂದ ಮೊಳಕಾಲ್ಮೂರಿನ ತನಕ ಯಾವ ಗಾಡಿಯಲ್ಲಿ ಪಡ್ಡು ಚೆನ್ನ, ಎಲ್ಲಿ ಚಟ್ನಿಗೆ ನೀರು ಜಾಸ್ತಿ, ಯಾರ ಟೀ ಎರಡನೇ ಗುಟುಕಿಗೆ ಮೋಸ ಮಾಡುತ್ತದೆ, ಎಲ್ಲ ಬರೆದಿಟ್ಟಿದ್ದೇನೆ. ಯಾರೂ ಕಲಿಸಿದ ವಿದ್ಯೆಯಲ್ಲ ಇದು, ತಿಂದು ತಿಂದು ಬಂದದ್ದು. ಕುದಾಪುರದ ಹತ್ತಿರ ಒಂದು ಟೀ ಅಂಗಡಿ ಇದೆ. ಅಲ್ಲಿನ ಬೆಂಚಿನ ಈ ತುದಿಯಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ವಿಜ್ಞಾನ ಸಂಸ್ಥೆಯವರು ಕೂರುತ್ತಾರೆ, ಆ ತುದಿಯಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡ ಕುರಿಯವರು. ಇಬ್ಬರೂ ಟೀಯನ್ನು ಒಂದೇ ಥರ ಊದುತ್ತಾರೆ. ಇಂಥದ್ದೆಲ್ಲ ನನ್ನ ಪಟ್ಟಿಯಲ್ಲಿದೆ. ಆದರೆ ಗೆಳೆಯರು "ಎಲ್ಲಕ್ಕಿಂತ ಚೆಂದದ ಮಂಡಕ್ಕಿ ಎಲ್ಲೈತೆ ಹೇಳಲೇ" ಅಂದರೆ ಮಾತ್ರ ತೊದಲುತ್ತೇನೆ. ಆ ಒಂದು ಅಂಗಡಿ ಪಟ್ಟಿಯಲ್ಲಿಲ್ಲ. ಬರೆಯಲು ಹೋದಾಗೆಲ್ಲ ಬೆರಳು ಹಿಂದೆ ಸರಿಯುತ್ತದೆ.

ಮಿರ್ಚಿ ಬಿಟ್ಟು ಬಂದದ್ದಕ್ಕೆ ಕಾರಣ ಅಂದು ಮಧ್ಯಾಹ್ನ ಬಂದ ಅಕ್ಕನ ಫೋನು. ಅಕ್ಕನನ್ನು ಕೊಟ್ಟಿರುವುದು ನನ್ನಿವಾಳಕ್ಕೆ. ಅವಳ ನಾದಿನಿಗೆ ಈಗ ಮದುವೆ ಗೊತ್ತಾಗಿದೆ.

"ಲೇ, ಧಾರೆ ಸೀರೆಗೆ ನಮ್ಮತ್ತೆ ಬ್ಯಾರೆ ನೇಕಾರರನ್ನ ನೋಡ್ತಾರಂತೆ. ತಿಪ್ಪೇಸ್ವಾಮಣ್ಣ ಬ್ಯಾಡವಂತೆ."

"ಯಾಕೆ?"

"ನನ್ನ ಸೀರೇಲಿ ಕಲೆ ಐತಲ್ಲ. ಆಯಪ್ಪನ ಕೈ ಸುದ್ದ ಇಲ್ಲ ಅಂತಾರೆ. ನಮ್ಮೋರ ಮನೆಗೆಲ್ಲ ಹಂಗೇ ಹೇಳ್ಕಂಡು ಬಂದವ್ರೆ."

ನಾನು "ಓ" ಅಂದೆ. ಅಕ್ಕನೂ "ಹೂಂ, ಇಡ್ತೀನಿ" ಅಂದು ಫೋನಿಟ್ಟಳು.

ಆ ಕಲೆ ತಿಪ್ಪೇಸ್ವಾಮಣ್ಣನದಲ್ಲ, ನನ್ನದು. ಆರು ವರ್ಷದಿಂದ ಅದು ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ ಅನ್ನುವುದೇ ಸರಿಯೇನೋ. ನಿಮಗೂ ಗೊಂದಲವಾಗಬಾರದಲ್ಲ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಅಕ್ಕನ ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಸೀರೆ ಮಗ್ಗದ ಮೇಲಿದೆ, ಸೆರಗು ನೇಯುತ್ತಿದ್ದೇವೆ, ಬಂದು ನೋಡಿ ಹೋಗಿ ಎಂದು ಮೊಳಕಾಲ್ಮೂರಿನಿಂದ ತಿಪ್ಪೇಸ್ವಾಮಣ್ಣ ಹೇಳಿ ಕಳಿಸಿದ್ದರು. ಅವ್ವ, ಅಕ್ಕ, ನಾನು ಮೂವರೂ ಬಸ್ಸು ಹತ್ತಿದೆವು. ತಳಕು ದಾಟುವಷ್ಟರಲ್ಲಿ ನನಗೆ ಹಸಿವು. ಅವ್ವನದು ಯಾವಾಗಲೂ ಒಂದೇ ಮಾತು: "ಬೀದೀಲಿ ನಿಂತ್ಕಂಡು ತಿಂಬಾದೇನ್ಲೇ, ಮನೇಲಿ ಇಕ್ಕಲ್ಲ ಅನ್ನಂಗೆ." ನಾನು ಇಷ್ಟು ದೊಡ್ಡ ತಿಂಡಿಪೋತನಾಗಿದ್ದು ಆ ಮಾತು ಕೇಳಿ ಕೇಳಿಯೇ.

ನೇಕಾರರ ಓಣಿಯ ಮೂಲೆಯಲ್ಲಿ ಒಂದು ಹುಣಸೆ ಮರ, ಅದರ ಕೆಳಗೆ ಓಬಕ್ಕನ ಅಂಗಡಿ. ಅಂಗಡಿಯೆಂದರೆ ಒಂದು ತಗಡಿನ ಮಾಡು, ಒಂದು ಒಲೆ, ಕೂರಲು ಎರಡು ಬಂಡೆಚಪ್ಪಡಿ. ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು. ನಾವು ಹೋದಾಗ ಅಲ್ಲಿ ನಾಲ್ಕೈದು ಜನ ನೇಕಾರರು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದರು. ಅವರು ತಿನ್ನುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಯಾರೂ ಕೈ ಮುಟ್ಟಿಸುತ್ತಿರಲಿಲ್ಲ! ಪ್ರತಿಯೊಬ್ಬರ ಕೈಯಲ್ಲೂ ಅಂಗೈಯಗಲದ ಒಂದು ರಟ್ಟಿನ ಚೂರು, ತುಂಬ ಸಣ್ಣ ಸಣ್ಣ ತೂತು. ಅದನ್ನು ದೋಣಿಯ ಹಾಗೆ ಮಡಚಿ, ಮಂಡಕ್ಕಿ ತುಂಬಿ, ತಲೆ ಹಿಂದಕ್ಕೆ ಒಗೆದು ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಮಿರ್ಚಿಗೆ ಇನ್ನೂ ಚೆಂದದ ಏರ್ಪಾಡು. ಉದ್ದನೆಯ ಜಾಲಿಮುಳ್ಳಿನಿಂದ ಚುಚ್ಚಿ ಎತ್ತುವುದು.

ಸೀರೆಯ ಹೂವು, ನವಿಲು ಎಲ್ಲಿ ಬರಬೇಕು ಅನ್ನುವುದನ್ನು ಮಗ್ಗಕ್ಕೆ ಹೇಳುವುದು ಆ ತೂತಿನ ರಟ್ಟುಗಳಂತೆ. ಮಗ್ಗದ ಮೇಲೆ ಮಾಲೆ ಮಾಡಿ ನೇತುಹಾಕಿರುತ್ತಾರೆ. ಹಳೆಯದಾಗಿ ತೆಗೆದ ಮೇಲೆ ಓಬಕ್ಕನ ಅಂಗಡಿಗೆ ಚಮಚವಾಗಿ ಬರುತ್ತವೆ. ನವಿಲು ನೇಯ್ದು ನಿವೃತ್ತಿಯಾದ ರಟ್ಟಿನಲ್ಲಿ ಮಂಡಕ್ಕಿ!

"ಏಂ ನಾಯನಾ, ನೀನೂ ಒಂದು ರಟ್ಟು ತಗೋ. ಕೈಲಿ ಮುಟ್ಟಬ್ಯಾಡ," ಎಂದಳು ಓಬಕ್ಕ. ಅವಳ ಮಾತಿನಲ್ಲಿ ಕನ್ನಡದ ಹಿಂದೆಯೇ ತೆಲುಗೂ ಓಡಿ ಬರುತ್ತದೆ.

ಆಗ ನನಗೆ ಹದಿನೆಂಟು. ಬಾಯಿ ಸುಮ್ಮನಿರುವ ವಯಸ್ಸಲ್ಲ. "ನಾವು ಚಳ್ಳಕೆರೆಯೋರು ಕಣಕ್ಕಾ, ಎಣ್ಣೆ ಊರೋರು. ಕೈಗೆ ಎಣ್ಣೆ ಅಂಟದಿದ್ರೆ ತಿಂದಂಗೇ ಆಗಲ್ಲ."

"ಎಣ್ಣೆ ನಿಮ್ದೇ ನಾಯನಾ, ಬ್ಯಾಡ ಅಂದೋರ್ಯಾರು? ರೇಷ್ಮೆ ನಮ್ದು," ಅಂದಳು. ಕೂತವರೆಲ್ಲ ನಕ್ಕರು.

ಅವ್ವ, ಅಕ್ಕ ಏನೂ ಬೇಡವೆಂದು ಪಕ್ಕದ ಚಪ್ಪಡಿಯ ಮೇಲೆ ಕೂತರು, ನಾನು ತಟ್ಟೆಗೆ ಐದೂ ಬೆರಳು ಹಾಕಿ ತಿಂದೆ. ಹೇಗಿತ್ತು ಅಂತ ಕೇಳಬೇಡಿ. ಜಂಬ ಬಾಯಿ ತುಂಬ ಇತ್ತು, ರುಚಿಗೆ ಜಾಗವಿರಲಿಲ್ಲ. ಹೋಗುವಾಗ ಕೈ ತೊಳೆಯಲೆಂದು ತೆಂಗಿನ ಚಿಪ್ಪಿನಲ್ಲಿ ಸೀಗೆಪುಡಿ ಇಟ್ಟಿದ್ದಳು. ನಾನು ತೊಳೆದೆನೋ, ಪ್ಯಾಂಟಿಗೆ ಒರೆಸಿಕೊಂಡೆನೋ? ತೊಳೆದ ಹಾಗೂ ನೆನಪಿದೆ, ಒರೆಸಿಕೊಂಡ ಹಾಗೂ ನೆನಪಿದೆ.

ತಿಪ್ಪೇಸ್ವಾಮಣ್ಣನ ಮನೆಯಲ್ಲಿ ಮಗ್ಗದ ಮೇಲೆ ದಾಳಿಂಬೆ ಬಣ್ಣದ ಸೆರಗು ಹರಡಿತ್ತು. ಕಿಟಕಿಯ ಬೆಳಕು ನೇರ ಅದರ ಮೇಲೆ. ಅಕ್ಕ ನನ್ನ ಮೊಣಕೈ ತಿವಿದು "ನೋಡೋ, ನೋಡೋ" ಅಂದಳು. ಜರಿ ಮುಗಿದು ಬಣ್ಣ ಶುರುವಾಗುವ ಅಂಚಿನಲ್ಲಿ ನಾನು ತೋರುಬೆರಳಿಟ್ಟೆ. ಒಂದೇ ಒಂದು ಕ್ಷಣ. ಅದು ಮಾತ್ರ ಚೆನ್ನಾಗಿ ನೆನಪಿದೆ. ಬೆರಳಿನ ಕೆಳಗೆ ರೇಷ್ಮೆ ತಣ್ಣಗಿತ್ತು.

ಸೀರೆ ಕೊಡಲು ತಿಪ್ಪೇಸ್ವಾಮಣ್ಣ ತಾವೇ ಚಳ್ಳಕೆರೆಗೆ ಬಂದರು. ಮಡಿಕೆ ಬಿಚ್ಚಿ, ನಾವು ಕಾಣುವ ಮೊದಲೇ ತಾವೇ ತೋರಿಸಿದರು. ಅಂಚಿನಲ್ಲಿ ಕಡಲೆಬೀಜದಷ್ಟು ಒಂದು ಮಸುಕು. "ಎಣ್ಣೆ ಕಲೆ. ಪೌಡರ್ ಹಾಕಿ ಎಳೆದೆ, ಅರ್ಧ ಹೋಯ್ತು, ಪೂರ್ತಿ ಹೋಗ್ಲಿಲ್ಲ. ನನ್ನ ಕೈಯಿಂದಾನೇ ಆಗೈತೆ ಕಣಮ್ಮ. ಬ್ಯಾಡ ಅಂದ್ರೆ ವಾಪಸ್ ಒಯ್ತೀನಿ."

ಅಕ್ಕ ಸೀರೆಯನ್ನು ಎದೆಗೆ ಅವುಚಿಕೊಂಡು "ಇದೇ ಇರ್ಲಿ" ಅಂದುಬಿಟ್ಟಳು. ಅವ್ವ ಒಳಗೆ ನೀರು ತರಲು ಹೋದವಳು ಬರಲು ಬಹಳ ಹೊತ್ತು ಮಾಡಿದಳು. ನಾನು? ಕಂಬಕ್ಕೆ ಒರಗಿಕೊಂಡು ಅಂಗೈ ನೋಡಿಕೊಳ್ಳುತ್ತಿದ್ದೆ. ರಟ್ಟಿಲ್ಲದೆ ಮಂಡಕ್ಕಿ ಮುಟ್ಟದ ಮನುಷ್ಯ ಆ ಎಣ್ಣೆ ತನ್ನದು ಅಂದರು, ಐದು ಬೆರಳು ಹಾಕಿ ತಿಂದವನು ಸುಮ್ಮನಿದ್ದೆ.

ಅದೇ ಮಾತು ಈಗ ನನ್ನಿವಾಳದಲ್ಲಿ ಮನೆಯಿಂದ ಮನೆಗೆ ಸುತ್ತುತ್ತಿತ್ತು. ಸೀರೆ ನೇಯುವವನಿಗೆ "ಕೈ ಸುದ್ದ ಇಲ್ಲ" ಅನ್ನುವುದಕ್ಕಿಂತ ಕೆಟ್ಟ ಮಾತು ಇನ್ನೇನಿದೆ? ನಿನ್ನೆ ಬೆಳಗ್ಗೆ ನಾನು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಒಳಗೇ ಹೇಳಿಕೊಂಡೆ. ಹಾನಗಲ್ ಬರುವಷ್ಟರಲ್ಲಿ ಎಂಟು ಥರ ಆಗಿತ್ತು, ಒಂದೂ ಸರಿಯಿರಲಿಲ್ಲ.

ಧೈರ್ಯಕ್ಕೆ ಮೊದಲು ಓಬಕ್ಕನ ಚಪ್ಪಡಿಯ ಮೇಲೆ ಕೂತೆ. ಅವಳು ದಿಟ್ಟಿಸಿ ನೋಡಿ, "ಎಣ್ಣೆ ಊರಿನೋನು!" ಅಂದಳು. ಆರು ವರ್ಷದ ಮೇಲೂ! ಅಷ್ಟರಲ್ಲಿ ತಿಪ್ಪೇಸ್ವಾಮಣ್ಣನೇ ಟೀಗೆ ಬಂದರು. ತಗಡಿನ ಮಾಡಿನ ಬಿದಿರ ಸಂದಿಗೆ ಕೈ ಹಾಕಿ ಒಂದು ರಟ್ಟು ಎಳೆದುಕೊಂಡು ಪಕ್ಕದಲ್ಲಿ ಕೂತರು. ಆಗಲೇ ನೋಡಿದೆ, ಆ ಸಂದಿಯ ತುಂಬ ರಟ್ಟುಗಳು. ಒಬ್ಬೊಬ್ಬರದು ಒಂದೊಂದು.

ಎಂಟು ಥರದ ಮಾತೂ ಮರೆತುಹೋಗಿ, "ಅಣ್ಣಾ, ಆ ಕಲೆ ನಂದು" ಅಂದೆ.

ತಿಪ್ಪೇಸ್ವಾಮಣ್ಣ ಬಾಯಿಯ ಹತ್ತಿರ ಹಿಡಿದಿದ್ದ ರಟ್ಟನ್ನು ಕೆಳಗಿಳಿಸಿದರು. ಆಮೇಲೆ ಓಬಕ್ಕನ ಕಡೆ ತಿರುಗಿದರು. "ನೋಡವ್ವ, ಇನ್ನೊಬ್ಬ ಬಂದ."

"ಇನ್ನೊಬ್ಬ ಅಂದ್ರೆ?"

"ಮದುವೆ ಆಗಿ ತಿಂಗಳಿಗೇ ನಿಮ್ಮವ್ವ ಬಂದಿದ್ರು. ಇಲ್ಲೇ ಕುಂತು ಅತ್ತರು. ಯಾರಿಗೂ ಕಾಣ್ದಂಗೆ ಸೆರಗಿನಾಗೆ ಮುಚ್ಕಂಡು ಒಂದು ಮಿರ್ಚಿ ತಿಂದಿದ್ರಂತೆ. ಜರಿ ಗಟ್ಟಿ ಐತಾ ಅಂತ ಹಂಗೇ ಬೆರಳಲ್ಲಿ ಉಜ್ಜಿ ನೋಡಿದ್ರಂತೆ."

"ಅವ್ವ? ಮಿರ್ಚಿ?"

"ಇವತ್ತು ಬೆಳಗ್ಗೆ ನಿಮ್ಮಕ್ಕ ಫೋನ್ ಮಾಡಿದ್ಲು. ನಿನ್ನ ತಟ್ಟೆಯಿಂದ ಕದ್ದು ತಿಂದಿದ್ಲಂತೆ. ಅವ್ಳು ಮುಟ್ಟಿದ್ದೂ ಅದೇ ಅಂಚು, ಅದೇ ಜಾಗ. ನಮ್ಮತ್ತೆಗೂ ಹೇಳಿದೀನಿ ಅಂದ್ಲು."

"ಎಲ್ರದ್ದೂ ಸುಳ್ಳು ನಾಯನಾ," ಓಬಕ್ಕ ಒಲೆಯ ಹಿಂದಿನಿಂದ ಕೈಯಾಡಿಸಿದಳು. "ಮಗ್ಗದ ತಾವ ಟೀ ಕೊಡಾಕೆ ಹೋಗಿದ್ದು ನಾನು. ಕೈಯಾಗೆ ಎಣ್ಣೆ ಇತ್ತು. ಅದು ನಂದೇ. ಈಯಪ್ಪ ಒಪ್ಪಲ್ಲ."

ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ತಿಪ್ಪೇಸ್ವಾಮಣ್ಣ ಮಂಡಕ್ಕಿ ಸುರಿದುಕೊಂಡು ನಿಧಾನವಾಗಿ ಅಗಿದರು. "ಕಲೆ ಒಂದು, ಬೆರಳು ನಾಕು. ಯಾರ್ದು ಅಂತ ಹುಡುಕಾದು? ಅವತ್ತೇ ನಂದು ಅಂದುಬಿಟ್ಟೆ. ನನ್ನ ಮಗ್ಗದ ಮ್ಯಾಲೆ ಆಗಿದ್ದು ನಂದೇ ಅಲ್ವೇನೋ?"

ಅಲ್ಲ ಅಂತ ನಾನು ಅಕ್ಕನ ಅತ್ತೆಗೇ ಫೋನು ಮಾಡಿದೆ. ನನ್ನ ಮಾತು ಪೂರ್ತಿ ಆಗುವ ಮೊದಲೇ ಅವರು ಶುರುಮಾಡಿದರು. "ಬೆಳಗ್ಗೆ ನಿಮ್ಮಕ್ಕ ಪಾಲಮ್ಮ ನಂದು ಅಂದ್ಲು. ಈಗ ನೀನು ನಂದು ಅಂತೀಯ. ಅಕ್ಕ ತಮ್ಮ ಮಾತಾಡ್ಕಂಡು ಆಯಪ್ಪನ್ನ ಉಳಿಸಾಕೆ ಹೊಂಟೀರೇನು?"

"ಇಲ್ಲ ಅತ್ತೆ, ದೇವರಾಣೆ ನಂದು. ಬೇಕಾದ್ರೆ ಅವ್ವನ್ನ ಕೇಳ್ರಿ." ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವ್ವನನ್ನು ಕೇಳಿದರೆ ಅವಳು ತನ್ನದೇ ಅನ್ನುತ್ತಾಳಲ್ಲ! ನಿಜ ಹೇಳಲೆಂದು ಇಷ್ಟು ದೂರ ಬಂದೆ, ಬಾಯಿ ಬಿಟ್ಟರೆ ಅದು ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ತಿಪ್ಪೇಸ್ವಾಮಣ್ಣ ನನ್ನ ಕೈಯಿಂದ ಫೋನು ಇಸಿದುಕೊಂಡರು. ಈಗಲಾದರೂ ಸರಿಹೋಗುತ್ತದೆ ಅಂದುಕೊಂಡೆ.

"ಅಮ್ಮಾ, ಹುಡುಗ್ರ ಮಾತು ಕೇಳಬ್ಯಾಡ್ರಿ. ಕಲೆ ನಂದೇ."

ನಾನು ತಲೆ ಮೇಲೆ ಕೈ ಹೊತ್ತೆ. ಫೋನಿನಿಂದ ಅತ್ತೆಯ ದನಿ ಹೊರಗೆಲ್ಲ ಕೇಳಿಸಿತು. "ತಪ್ಪು ನಂದಲ್ಲ ಅಂಬೋರನ್ನ ಕಂಡಿದೀನಿ. ಇಷ್ಟು ಜನ ನಂದು ನಂದು ಅಂತ ಕಿತ್ತಾಡಾದನ್ನ ಕಂಡಿಲ್ಲಪ್ಪ. ಭಾನುವಾರ ನಾನೇ ಬರ್ತೀನಿ, ಮಗಳ ಸೀರೆ ನೀನೇ ನೇಯಿ. ನಾನು ಆಡಿದ ಮಾತು ನಾನೇ ವಾಪಸ್ ತಗಂತೀನಿ." ಅದರ ಬೆನ್ನಿಗೇ, "ಆ ಮಂಡಕ್ಕಿ ಅಷ್ಟು ಚೆಂದಾಗಿರ್ತೈತಾ?"

ಓಬಕ್ಕ ಅಲ್ಲಿಂದಲೇ ಕೂಗಿದಳು, "ಬರ್ರಿ ಅಮ್ಮಾ, ರಟ್ಟು ಎತ್ತಿಟ್ಟಿರ್ತೀನಿ!"

ಈಗ ಕೆಲವು ಮಗ್ಗಗಳಿಗೆ ರಟ್ಟೇ ಬೇಡವಂತೆ, ಕಂಪ್ಯೂಟರಿನಿಂದಲೇ ನವಿಲು ಬರುತ್ತದಂತೆ. ಅದಕ್ಕೇ ಓಬಕ್ಕ ರಟ್ಟುಗಳನ್ನು ಜೋಪಾನ ಮಾಡುತ್ತಾಳೆ. ಹಾಗಿದ್ದೂ ಹಳೆಯ ಕಟ್ಟಿನಿಂದ ಒಂದನ್ನು ಕತ್ತರಿಸಿ ನನ್ನ ಕೈಗಿಟ್ಟಳು. ನಾನು ದೋಣಿ ಮಾಡಿ, ತಲೆ ಹಿಂದಕ್ಕೆ ಹಾಕಿ, ಮಂಡಕ್ಕಿ ಸುರಿದುಕೊಂಡೆ. ಹುರಿಗಡಲೆ ಪುಡಿಯೆಲ್ಲ ತೂತಿನಿಂದ ಸೋರಿ ಅಂಗಿಯ ಮೇಲೆ. ಬಾಯಿಗೆ ಬಂದಿದ್ದು ಬರೀ ಮಂಡಕ್ಕಿ, ಹುಣಸೆ ಹುಳಿ, ಕರಿಬೇವು. ಆರು ವರ್ಷದ ಮೇಲೆ ಮೊದಲ ಸಲ ಅದರ ರುಚಿ ಗೊತ್ತಾಯಿತು. ಚೆನ್ನಾಗಿತ್ತು. ಎಲ್ಲಕ್ಕಿಂತ ಚೆನ್ನಾಗಿತ್ತೇ? ಅದೇ ತಿಳಿಯುತ್ತಿಲ್ಲ.

ತಿಂದಾದ ಮೇಲೆ ಓಬಕ್ಕ ನನ್ನ ರಟ್ಟನ್ನು ಒರೆಸಿ ಬಿದಿರ ಸಂದಿಗೆ ಸಿಕ್ಕಿಸಿದಳು. "ಇದು ನಿಂದು. ಇಲ್ಲೇ ಇರ್ಲಿ, ನಿಮ್ಮವ್ವಂದರ ಪಕ್ಕ."

"ಅವ್ವಂದಾ?"

"ಹೂಂ ಮತ್ತೆ. ವರ್ಸಕ್ಕೆ ಎಲ್ಡು ಸಲ ಬರ್ತಾರೆ. ನಿಂಗೊತ್ತಿಲ್ವಾ?"

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತು, "ಎಲ್ಲಿ ಹೋಗಿದ್ದಿ? ಬೀದೀಲಿ ಏನೂ ತಿಂದಿಲ್ಲ ತಾನೇ?" ಅಂದಳು. "ಇಲ್ಲವ್ವ" ಅಂದೆ. ನನ್ನ ಅಂಗಿಯ ಮೇಲಿನ ಹುರಿಗಡಲೆ ಪುಡಿಯನ್ನು ನೋಡಿದಳು. ಕೈಯಿಂದಲೇ ಕೊಡವಿದಳು.

ಕಲೆ ಯಾರದು ಅಂತ ನನಗೆ ಈಗಲೂ ಗೊತ್ತಿಲ್ಲ. ನಿನ್ನೆಯ ತನಕ ಅದು ನನ್ನದಾಗಿತ್ತು. ಈಗ ಅದರಲ್ಲಿ ನನ್ನ ಪಾಲೆಷ್ಟು ಎಂದೂ ತಿಳಿಯದು, ಒಂದು ಥರ ಬೇಜಾರು ಕೂಡ ಆಗುತ್ತಿದೆ. ಆದರೆ ಇದನ್ನು ನಿಮಗೆ ಬರೆಯುವ ಮೊದಲು ಫೋನಿನ ಪಟ್ಟಿಗೆ ಓಬಕ್ಕನ ಅಂಗಡಿಯನ್ನು ಸೇರಿಸಿದೆ. ಬೆರಳು ಹಿಂದೆ ಸರಿಯಲಿಲ್ಲ.

ಈಗ ನಿಮ್ಮ ಸರದಿ. ಯಾವುದಾದರೂ ಗಾಡಿಯ ಮುಂದೆ ತಿಂದು, ಕೈ ತೊಳೆದಿರೋ ಇಲ್ಲವೋ ನೆನಪಿಲ್ಲದೆ, ಮುಟ್ಟಬಾರದ್ದನ್ನು ಮುಟ್ಟಿ ಇವತ್ತಿನವರೆಗೂ ಬಾಯಿ ಬಿಡದೆ ಇದ್ದೀರಾ? ಇದ್ದರೆ ಕೆಳಗೆ ಬರೆಯಿರಿ, ಅಂಗಡಿ ಎಲ್ಲಿದೆ ಅನ್ನುವುದನ್ನೂ ಸೇರಿಸಿ. ಆ ತಪ್ಪನ್ನು ನಿಮ್ಮ ಮನೆಯಲ್ಲಿ ಇನ್ನೆಷ್ಟು ಜನ ತಮ್ಮದು ಅಂದುಕೊಂಡಿದ್ದಾರೋ, ಒಂದು ಸಲ ಕೇಳಿ ನೋಡಿ. ಅಷ್ಟರಲ್ಲಿ ಆ ಮಿರ್ಚಿ ತಿಂದುಬಿಡಿ, ಪೂರ್ತಿ ಆರಿಹೋಯಿತು.