ಮೂಲೆಗೆ ಹೊಂದಿದ ಟ್ಯಾಂಕ್

ನಮ್ಮದು ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಅದರ ಹಿಂದೆಯೇ ಮನೆ. ವ್ಯಾಪಾರ ಕುದುರಬೇಕಾದರೆ ಅಂಗಡಿಯ ಈಶಾನ್ಯ ಮೂಲೆಯಲ್ಲಿ ಫ್ಲವರ್‌ಹಾರ್ನ್ ಮೀನು ಇಡಬೇಕೆಂದು ವಾಸ್ತು ಬಲ್ಲವರು ಯಾರೋ ನಮ್ಮ ಅತ್ತೆಯ ಕಿವಿಯಲ್ಲಿ ಊದಿದರು. ನನ್ನ ಗಂಡ ನಕ್ಕರು. ಆದರೆ ತಾಯಿಯ ಮಾತು ಮೀರುವವರಲ್ಲ. ಬಟ್ಟೆ ಅಳೆಯುವ ಮೀಟರ್ ಕಡ್ಡಿ ಹಿಡಿದು ಮೂಲೆಯನ್ನು ಅಳೆದರು. ಅವರು ಕೂರುವ ಗಾದಿಗೂ ಕಂಬಕ್ಕೂ ನಡುವೆ ಎರಡಡಿ ಸಿಕ್ಕಿತು. ಹುಮನಾಬಾದಿನ ಮೀನಿನ ಅಂಗಡಿಯವನು ಕೇಳಿದ್ದೂ ಅದನ್ನೇ: "ಜಾಗಾ ಎಷ್ಟದರಿ?" ಮೀನು ಎಷ್ಟು ಬೆಳೆಯುತ್ತದೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಎರಡಡಿಯ ಟ್ಯಾಂಕ್ ಬಂತು, ಅದರಲ್ಲೊಂದು ಬೆರಳುದ್ದದ ಮರಿ.

ಕಾಳು ಹಾಕುವುದು, ನೀರು ಬದಲಿಸುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ಯಾರಿಗೂ ಬೇಡವಾದ ಕೆಲಸವೆಲ್ಲ ಸೊಸೆಯ ಕಡೆಗೇ ಹರಿದು ಬರುತ್ತದೆ. ಸಿಡಿಮಿಡಿ ಎನ್ನುತ್ತಲೇ ಶುರು ಮಾಡಿದೆ. ಆದರೆ ಆ ಮೀನು ನನ್ನನ್ನು ಗುರುತು ಹಿಡಿಯತೊಡಗಿತು. ನಾನು ಎದುರಿಗೆ ಬಂದರೆ ಬಾಲ ಬಡಿದು ಗಾಜಿಗೆ ಮೂತಿ ಹಚ್ಚುತ್ತಿತ್ತು. ಅತ್ತೆ ಬಂದರೆ ಬೆನ್ನು ತಿರುಗಿಸುತ್ತಿತ್ತು. ಅಂಥ ಜಾಣ ಜೀವದ ಮೇಲೆ ಪ್ರೀತಿ ಬಾರದೆ ಇರುತ್ತದೆಯೇ?

ವರ್ಷ ತುಂಬುವುದರೊಳಗೆ ಅದು ಗೇಣುದ್ದ ದಾಟಿತು. ನೆತ್ತಿಯ ಮೇಲೆ ಕೆಂಪು ಉಬ್ಬು ಬಂತು. ಗಿರಾಕಿಗಳು ಅದಕ್ಕೆ ಕೈಮುಗಿದು ಒಳಗೆ ಬರುತ್ತಿದ್ದರು. ಅವರು ಕೈಮುಗಿದ ಆ ಜೀವ ಇತ್ತಿಂದ ಅತ್ತ ತಿರುಗಬೇಕಾದರೆ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಬೇಕಿತ್ತು. ಗಾಜಿಗೆ ಉಜ್ಜಿ ಉಜ್ಜಿ ಮೂತಿ ಹುಣ್ಣಾಗಿತ್ತು. ಮೊಬೈಲಿನಲ್ಲಿ ವಿಡಿಯೊ ನೋಡಿ ತಿಳಿದುಕೊಂಡೆ: ಈ ಜಾತಿಯ ಮೀನು ಒಂದಡಿ ಬೆಳೆಯುತ್ತದೆ, ಅದಕ್ಕೆ ನಾಲ್ಕಡಿಯ ಟ್ಯಾಂಕ್ ಬೇಕು, ಉದ್ದದ ಜೊತೆಗೆ ಸಲೀಸಾಗಿ ತಿರುಗುವಷ್ಟು ಅಗಲವೂ ಬೇಕು. ನೀರು ಹೆಚ್ಚಿದ್ದಷ್ಟೂ ಹೊಲಸು ನಿಧಾನವಾಗಿ ಏರುತ್ತದೆ.

"ಬೆಳಿಯೋ ಹುಡುಗರ ಯೂನಿಫಾರ್ಮಿಗಿ ನಾಕ ಬೊಟ್ಟ ಹೆಚ್ಚ ಬಿಡಸ್ರಿ ಅಂತ ಗಿರಾಕಿಗೆ ಹೇಳ್ತೀರಿ. ಈ ಮೀನ ಬೆಳಿಯಾಂಗಿಲ್ಲ ಅಂತ ಮಾಡೀರೇನು?" ಎಂದು ಗಂಡನನ್ನು ಕೇಳಿದೆ.

"ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು," ಎಂದು ಅವರು ಚೇಷ್ಟೆ ಮಾಡಿದರು. "ಇಲ್ಲಂದ್ರ ಹೇಳು, ಕಂಬಾ ಕೆಡವಿಸ್ತೀನಿ."

ಕಡೆಗೆ ನನ್ನ ಕಾಟ ತಾಳಲಾರದೆ, ಮೀನನ್ನು ಮನೆಯ ಪಡಸಾಲೆಗೆ ತರಲು ಒಪ್ಪಿದರು. ಅಲ್ಲಿಯೂ ಈಶಾನ್ಯ ಮೂಲೆ ಇದೆಯೆಂದು ಅತ್ತೆಯನ್ನು ಒಪ್ಪಿಸಿದವಳು ನಾನೇ. ಹುಮನಾಬಾದಿಗೆ ಹೋಗಿ ನಾಲ್ಕಡಿಯ ಟ್ಯಾಂಕಿಗೆ ಹೇಳಿ ಬಂದೆವು.

ಅದೇ ವಾರ ನನ್ನ ಗಂಡನಿಗೆ ಎದೆನೋವು ಬಂತು. ಹುಮನಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ಅಂಗಡಿಗೆ ಬೀಗ ಬಿತ್ತು. ಅವರ ಮಂಚದ ಪಕ್ಕ ಕೂತೇ ಅತ್ತೆಗೆ ಫೋನು ಮಾಡಿ, ಮೀನಿನ ನೀರು ಯಾರ ಕೈಲಾದರೂ ಬದಲಿ ಮಾಡಿಸಿರೆಂದೆ.

"ಗಂಡ ಹಿಂಗ ಮಲಗ್ಯಾನ, ನಿನಗ ಮೀನಿನ ಚಿಂತಿ ಹತ್ಯಾದೇನು? ಮುಷ್ಟಿ ತುಂಬ ಕಾಳ ಹಾಕೇನಿ, ಸುಮ್ಮನಿರು," ಎಂದರು. ಚಿಟಿಕೆ ಕಾಳು ಹಾಕಬೇಕಾದ ಕಡೆ ಮುಷ್ಟಿ. ಅದು ಕೊಳೆಯುತ್ತದೆಂದು ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಇನ್ನೊಮ್ಮೆ ಹೇಳುವ ಬಾಯಿ ನನಗೆ ಬರಲಿಲ್ಲ.

ಎರಡು ದಿನ ಬಿಟ್ಟು ಅತ್ತೆಯೇ ಫೋನು ಮಾಡಿದರು. "ಮೀನ ಹೋತು. ನೀ ಅಳಬ್ಯಾಡ. ನನ್ನ ಮಗನ ಮ್ಯಾಲಿನ ಪೀಡಾ ತಗೊಂಡು ಹೋಗ್ಯಾದ. ಇನ್ನ ಅಂವ ಉಳೀತಾನ." ಅಂದು ಸಂಜೆಯೇ ಡಾಕ್ಟರು, ಇನ್ನು ಭಯವಿಲ್ಲ ಎಂದರು.

ಗಂಡನ ಕಾಯಿಲೆಯಿಂದಲೇ ಮೀನು ಸತ್ತದ್ದು ನಿಜ, ಆದರೆ ಅತ್ತೆ ಹೇಳಿದ ಹಾಗಲ್ಲ. ಅಷ್ಟು ಸಣ್ಣ ಟ್ಯಾಂಕಿನ ನೀರು ಬೇಗ ಕೆಟ್ಟಿತು, ಮೀನು ಅದರಲ್ಲೇ ಉಸಿರುಗಟ್ಟಿ ಸತ್ತಿತು. ಇಷ್ಟೆಲ್ಲ ಗೊತ್ತಿದ್ದೂ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಾನೂ ಕೈಮುಗಿದೆ, ದೇವರಿಗೋ ಮೀನಿಗೋ. ಹೋದ ಜೀವ ಮರಳಿ ಬಂದಂತಾಯಿತು. ಹಾಗಾದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಕೆಯೂ ಆಯಿತು.

ಅವರನ್ನು ಮನೆಗೆ ಕರೆತಂದ ಮೇಲೆ, ದೊಡ್ಡ ಟ್ಯಾಂಕ್ ತಯಾರಾಗಿದೆ, ಮುಂದಿನ ಮೀನಾದರೂ ಅದರಲ್ಲಿ ಸುಖವಾಗಿರಲಿ ಎಂದೆ.

"ದೊಡ್ಡದ್ರಾಗ ಇಟ್ರ ಅದು ವರ್ಷಾನುಗಟ್ಲೆ ಬದಕ್ತದ," ಎಂದರು ಅತ್ತೆ. "ಅದು ಬದಕ್ಕೋತ ಕುಂತ್ರ, ಪೀಡಾ ಬಂದಾಗ ಹೋಗೋರು ಯಾರು?"

ಗಂಡ ನಗುತ್ತಾರೆಂದು ಅವರ ಕಡೆ ತಿರುಗಿದೆ. ಅವರು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. "ಅವ್ವ ಹೇಳೂದು ಖರೆ ಅದ," ಎಂದರು. "ಸಣ್ಣದೇ ಇರಲಿ ಬಿಡು."

ಹೇಳುವಾಗ ನನ್ನ ಮುಖ ನೋಡಲಿಲ್ಲ. ನನ್ನ ಬಾಯಿ ಜೋರೆಂದು ಓಣಿಗೆಲ್ಲ ಗೊತ್ತು; ಆದರೆ ಸಾವಿಗೆ ಹೆದರಿ ಕೂತ ಗಂಡನಿಗೆ ಏನೆಂದು ಬೈಯಲಿ? ಹುಮನಾಬಾದಿಗೆ ಫೋನು ಮಾಡಿ, ದೊಡ್ಡ ಟ್ಯಾಂಕ್ ಬೇರೆ ಯಾರಿಗಾದರೂ ಕೊಡಿ, ನಮಗೆ ಮರಿ ಒಂದು ಸಾಕು ಎಂದೆ.