ಅರ್ಧ ಗಂಟೆಯ ಹಗ್ಗ

ಲಿಫ್ಟ್ ನಡುವೆ ನಿಂತುಹೋದಾಗ ಒಳಗಿದ್ದವರು ಕೆಂಪು ಗುಂಡಿ ಒತ್ತುತ್ತಾರಲ್ಲ, ಆ ಗುಂಡಿಯ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಯಾರೂ ಯೋಚಿಸುವುದಿಲ್ಲ. ಒತ್ತಿದರೆ ಬಾಗಿಲು ತೆರೆಯಬೇಕು, ಅಷ್ಟೇ. ಇದು ಆ ತುದಿಯವನ ಕತೆ.

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿದೆ; ಸಂಬಳದ ದಿನ ಬಿಟ್ಟರೆ ಅದರಿಂದ ಯಾರೂ ಕರೆಯುವುದಿಲ್ಲ. ಊರಿಗೆಲ್ಲ ಅವನು ‘ಬಂದೆ’. ಕುತ್ತಿಗೆಗೆ ದಾರದಲ್ಲಿ ನೇತುಹಾಕಿಕೊಂಡ ಕಂಪನಿ ಫೋನು ಬಡಿದುಕೊಂಡರೆ ಸಾಕು, ಯಾರು ಏನು ಅಂತ ಕೇಳುವ ಮೊದಲೇ, “ಬಂದೆ, ಬಂದೆ, ಹೆದರಬೇಡಿ, ಬಾಗಿಲು ಮಾತ್ರ ಎಳೀಬೇಡಿ” ಅನ್ನುತ್ತಾನೆ. ಅದೇ ಹೆಸರಾಯಿತು.

ಊರಿನಲ್ಲಿ ಕಂಪನಿಯ ಲಿಫ್ಟುಗಳು ಹಲವು, ರಿಪೇರಿಯವನು ಒಬ್ಬನೇ. ಕರೆ ಬಂದ ಅರ್ಧ ಗಂಟೆಯೊಳಗೆ ಬಾಗಿಲ ಮುಂದೆ ನಿಂತಿರಬೇಕು ಅನ್ನುವುದು ಕಂಪನಿಯ ನಿಯಮ. ವಾರಕ್ಕೊಂದು ರಜೆ ಉಂಟು. ಆ ದಿನ ತುರ್ತು ಕರೆಗೆ ಮಾತ್ರ ಹೋದರೆ ಸಾಕಂತೆ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ತುರ್ತಿಲ್ಲದೆ, ಸಾವಕಾಶವಾಗಿ, ಕುಶಲ ವಿಚಾರಿಸಲು ಕರೆಯುತ್ತಾರೆಯೇ? ಹಸುವಿಗೂ ಹಗ್ಗ ಕಟ್ಟುತ್ತಾರೆ, ಆದರೆ ಮೇಯಲು ಕಟ್ಟಿದ್ದನ್ನು ಸಂಜೆಗಾದರೂ ಬಿಚ್ಚುತ್ತಾರೆ. ಬಂದೆಯ ಹಗ್ಗ ಅರ್ಧ ಗಂಟೆ ಉದ್ದ, ಅದಕ್ಕೆ ಸಂಜೆ ಅನ್ನುವುದೇ ಇಲ್ಲ. ಅರ್ಧ ಮುಖದ ಗಡ್ಡ ಉಳಿಸಿಕೊಂಡೇ ಕ್ಷೌರದ ಕುರ್ಚಿಯಿಂದ ಎದ್ದುಹೋದವನು ಅವನು. ಯಾವ ಸಿನಿಮಾದ ಕೊನೆಯೂ ಅವನಿಗೆ ಗೊತ್ತಿಲ್ಲ. ಹೆಂಡತಿ ಮನೆಗೆ ಬಂದು ಹೇಳುತ್ತಾಳೆ.

ಒಬ್ಬಳೇ ಮಗಳನ್ನು ಗುಡ್ಡದಾಚೆಯ ಪಟ್ಟಣಕ್ಕೆ ಕೊಟ್ಟಿದ್ದ. ದಾರಿ ಮುಕ್ಕಾಲು ಗಂಟೆಯದು. ಮದುವೆಯಾಗಿ ವರ್ಷ ದಾಟಿದರೂ ಮಗಳ ಮನೆಯಲ್ಲಿ ಒಂದು ತುತ್ತು ತಿಂದಿರಲಿಲ್ಲ. ಅವಳು ಆಗಾಗ ಫೋನು ಮಾಡುತ್ತಿದ್ದಳು.

“ಅಪ್ಪ, ಒಂದೇ ಒಂದು ಸಲ ಬಂದು ಕೂತು ಊಟ ಮಾಡಿ ಹೋಗು. ಜಾಸ್ತಿ ಏನೂ ಕೇಳಲ್ಲ.”

“ಬಂದೆ ಕಣಮ್ಮ, ಬಂದೆ.”

“ಅದನ್ನ ಲಿಫ್ಟಿನೋರಿಗೆ ಹೇಳು. ನಿನ್ನೆ ಅತ್ತೆ ಏನಂದ್ರು ಗೊತ್ತಾ? ‘ನಿಮ್ಮಪ್ಪಂಗೆ ನಮ್ಮನೆ ಮೂರು ಮೆಟ್ಲು ಹತ್ತೋಕೆ ಕಷ್ಟ ಅಂತ ಕಾಣುತ್ತೆ, ಲಿಫ್ಟ್ ಹಾಕಿಸ್ಬೇಕಾ?’ ಅಂದ್ರು.”

ನಗುತ್ತಲೇ ಹೇಳಿದಳು. ಆ ನಗು ಬಂದೆಯ ಎದೆಯಲ್ಲಿ ಮುಳ್ಳು ಮುರಿದಂತೆ ನಿಂತಿತು. ಬೀಗರ ಮಾತು ಹಾಗೆಯೇ. ಮೇಲೆ ನಗೆ, ಒಳಗೆ ಚೂರಿ.

ಮಾರನೆಯ ದಿನ ಮ್ಯಾನೇಜರ ಕೋಣೆಗೆ ಹೋದ. ಅಲ್ಲಿ ಎ.ಸಿ. ಇದೆ, ಕಿಟಕಿ ಇದೆ, ಕಿಟಕಿಯಾಚೆ ಒಂದು ಮರವೂ ಇದೆ.

“ಸಾರ್, ಇನ್ನೊಬ್ಬ ಆಳು ಕೊಡಿ. ಒಂದು ಭಾನುವಾರದ ಮಟ್ಟಿಗಾದ್ರೂ.”

“ಕೆಲಸ ಗೊತ್ತಿರೋರು ಎಲ್ಲಿ ಸಿಗ್ತಾರೆ ಹೇಳಿ? ನೀವಿದೀರಿ ಅಂತ ನಾವು ನಿಶ್ಚಿಂತೆಯಿಂದ ಇದೀವಿ. ಮಗಳ ಮನೆಗೆ ಹೋಗ್ಬೇಡಿ ಅಂತ ನಾನೆಲ್ಲಿ ಹೇಳ್ದೆ? ಅರ್ಧ ಗಂಟೇಲಿ ವಾಪಸ್ ಬರೋ ಹಾಗಿದ್ರೆ ಚಂದ್ರಲೋಕಕ್ಕೆ ಬೇಕಾದ್ರೂ ಹೋಗ್ಬನ್ನಿ.”

ಇಂಥ ಹೊಗಳಿಕೆಗೆ ಬೆಣ್ಣೆ ಹಚ್ಚಿದ ಬೀಗ ಅನ್ನಬೇಕು. ಬೇರೆ ಯಾರಾದರೂ ಆಗಿದ್ದರೆ ಹೊರಗೆ ಬಂದು ಉಗಿದು ಸುಮ್ಮನಾಗುತ್ತಿದ್ದರು. ಬಂದೆ ಯಂತ್ರದ ಮನುಷ್ಯ, ಮಾತನ್ನು ಲೆಕ್ಕವಾಗಿ ತೆಗೆದುಕೊಂಡ. ದಾರಿ ಮುಕ್ಕಾಲು ಗಂಟೆಯದು, ಬೇಕಾದದ್ದು ಅರ್ಧ ಗಂಟೆಯದು. ಅಂದರೆ ಕಾಲು ಗಂಟೆಯನ್ನು ಎಲ್ಲಿಂದಾದರೂ ಕಿತ್ತು ತರಬೇಕು.

ಅವನ ಹತ್ತಿರ ಒಂದು ದೊಡ್ಡ ಕಾರಿತ್ತು. ಆರು ಸಿಲಿಂಡರಿನದು, ವಯಸ್ಸಿನಲ್ಲಿ ಅವನಿಗಿಂತ ಸ್ವಲ್ಪವೇ ಚಿಕ್ಕದು. ಒಂದು ಕಟ್ಟಡದ ಮುದಿ ಡಾಕ್ಟರು ಊರು ಬಿಡುವಾಗ, ಕೊಳ್ಳುವವರಿಲ್ಲದೆ, “ಇಟ್ಕೋಪ್ಪಾ, ನನ್ನನ್ನ ಎಷ್ಟು ಸಲ ಲಿಫ್ಟಿನಿಂದ ಹೊರಗೆ ಎಳೆದಿದೀಯ” ಎಂದು ಕೊಟ್ಟುಹೋದದ್ದು. ನೆಲದ ಮೇಲೆ ಹಾಯಾಗಿ ಓಡುತ್ತಿತ್ತು. ಗುಡ್ಡದ ಏರಿನಲ್ಲಿ ಮಾತ್ರ ಏದುಸಿರು ಬಿಟ್ಟು ಲಾರಿಗಳ ಹಿಂದೆ ತೆವಳುತ್ತಿತ್ತು. ಅದರ ಮದ್ದು ಸೂಪರ್‌ಚಾರ್ಜರ್. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಗಾಳಿಯ ಪಂಪು ಅದು. ಗಾಳಿಯನ್ನು ಒತ್ತಿ ಒತ್ತಿ ಸಿಲಿಂಡರುಗಳೊಳಗೆ ತುರುಕುತ್ತದೆ. ರೇಸಿನ ಹುಚ್ಚು ಬಿಟ್ಟವನೊಬ್ಬ ಅಂಥದೊಂದು ಕಿಟ್ಟನ್ನು ಪೆಟ್ಟಿಗೆ ಸಮೇತ ಮಾರಲು ಕೂತಿದ್ದ. ಬಂದೆ ಹೊತ್ತು ತಂದ.

ಯೋಚಿಸಿ. ಕಂಪನಿಗೆ ಬೇಕಾಗಿದ್ದದ್ದು ಇನ್ನೊಬ್ಬ ಮನುಷ್ಯ. ಅದನ್ನು ಕೊಡಬೇಕಾದವರು ಕೊಡಲಿಲ್ಲ ಅಂತ ಇವನು ತನ್ನ ಮನೆಯಲ್ಲೇ, ತನ್ನ ಖರ್ಚಿನಲ್ಲಿ, ಇಂಜಿನ್ನಿಗೆ ಇನ್ನಷ್ಟು ಗಾಳಿ ಹಾಕಲು ಹೊರಟ.

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಮುಂದಿನ ಬಂಪರ್ ಬಿಚ್ಚಿದ, ರೇಡಿಯೇಟರಿನ ನೀರು ಖಾಲಿ ಮಾಡಿದ, ಗಾಳಿಯ ಹಳೇ ಕೊಳವೆಗಳನ್ನೆಲ್ಲ ಕಿತ್ತ. ತೆರೆದುಕೊಂಡ ಸಿಲಿಂಡರುಗಳ ಆರು ಬಾಯಿಗಳಿಗೆ ನಟ್ಟು ಬೀಳದಂತೆ ಹೆಂಡತಿಯ ಹಳೇ ರವಿಕೆ ಹರಿದು ತುರುಕಿದ.

“ರೀ, ಇಲ್ಲಿ ಮನೆಯೊಳಗೆ ಫ್ಯಾನು ತಿರುಗ್ತಿಲ್ಲ, ಕಾರಿಗೆ ಗಾಳಿ ಹಾಕ್ತಿದೀರಲ್ಲ!” ಎಂದಳು ಹೆಂಡತಿ.

“ಮಗಳ ಮನೆಗೆ ಹೋಗ್ಬೇಕಲ್ಲೇ.”

“ಬಸ್ಸಿದೆ.”

“ಬಸ್ಸಿಗೆ ಅರ್ಧ ಗಂಟೆ ಅಂದ್ರೆ ಏನು ಅಂತ ಗೊತ್ತಿಲ್ಲ.”

ಸಹಾಯಕ್ಕೆ ಬಂದವನು ಹೆಂಡತಿಯ ತಮ್ಮ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು, ಬಾಯಿ ಸ್ವಲ್ಪ ಜಾಸ್ತಿ. “ಭಾವ, ದಿನಾ ಜನಕ್ಕೆ ನಿಧಾನ, ನಿಧಾನ ಅಂತ ಹೇಳಿ ಹೇಳಿ ಗಂಟಲು ಒಣಗಿಸ್ಕೋತೀನಿ. ನೀವು ನೋಡಿದ್ರೆ ನಮ್ಮ ವಂಶಕ್ಕೇ ರೆಕ್ಕೆ ಕಟ್ತಿದೀರಿ” ಎಂದು ರೇಗಿಸುತ್ತಲೇ ಪಂಪಿನ ಇನ್ನೊಂದು ತುದಿ ಹಿಡಿದ. ಬ್ರಾಕೆಟ್ ಕೂರಿಸಿ, ಮೂರನೇ ಬೋಲ್ಟು ಬಿಗಿಯುವಷ್ಟರಲ್ಲಿ ಫೋನು. “ಬಂದೆ, ಬಂದೆ.” ಕೈಯ ಗ್ರೀಸು ಪ್ಯಾಂಟಿಗೆ ಒರೆಸಿಕೊಂಡು ಸ್ಕೂಟರು ಹತ್ತಿದ. ಹೀಗೆ ಬಿಟ್ಟುಬಿಟ್ಟು, ಒಂದು ಸಂಜೆ ಒಂದು ಕೊಳವೆ, ಇನ್ನೊಂದು ಸಂಜೆ ಇನ್ನೊಂದು ಕ್ಲಿಪ್ಪು.

ಎಲ್ಲ ಮುಗಿದು ಉದ್ದನೆಯ ಬೆಲ್ಟು ಹಾಕಿದ ದಿನ ಇಂಜಿನ್ ಚಾಲೂ ಮಾಡಿದರೆ ಕಾರು ಊಳಿಟ್ಟಿತು. ಸುಟ್ಟ ವಾಸನೆ ಬಂತು. ಭಾಮೈದ ಓಡಿಬಂದು ಕೀ ತಿರುಗಿಸಿ ಆರಿಸಿದ. ಬೆಲ್ಟನ್ನು ಬೆರಳಿನಿಂದ ಮೀಟಿದರೆ ತಂತಿಯ ಹಾಗೆ ಟಿಣ್ ಅಂದಿತು.

“ಭಾವ, ಇದನ್ನ ಯಾರು ಹೀಗೆ ಬಿಗಿದದ್ದು? ಇದು ಲಿಫ್ಟಿನ ರೋಪ್ ಅಲ್ಲ! ಬೇರಿಂಗ್ ಸತ್ತೇಹೋಗಿದೆ. ಸ್ವಲ್ಪ ಸಡಿಲ ಬಿಡ್ಬೇಕು.”

“ಸಡಿಲ ಬಿಟ್ರೆ ಬೀಳುತ್ತೆ ಕಣೋ.”

“ಏನು ಬೀಳುತ್ತೆ? ನೆಲದ ಮೇಲೇ ಇದೆಯಲ್ಲ ಭಾವ, ಇನ್ನೆಲ್ಲಿಗೆ ಬೀಳುತ್ತೆ?”

ಹೆಂಡತಿ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು. ಬಂದೆ ನಗಲಿಲ್ಲ. ಅವನ ಬದುಕಿನಲ್ಲಿ ಸಡಿಲ ಅಂದರೆ ಸಾವು. ರೋಪ್ ಸಡಿಲಾದ ಲಿಫ್ಟನ್ನು ಅವನು ಕಂಡಿದ್ದ. ಒಂದಿಷ್ಟು ಸಡಿಲ ಬಿಟ್ಟರೂ ತಿರುಗುವುದು ತಿರುಗುತ್ತಲೇ ಇರುತ್ತದೆ ಅನ್ನುವುದನ್ನು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಬೇರಿಂಗ್ ಬದಲಾಯಿತು. ಭಾಮೈದ ಇನ್ನೊಂದು ಮಾತು ಹೇಳಿದ: ಗಾಳಿ ಹೆಚ್ಚಾದರೆ ಪೆಟ್ರೋಲೂ ಅದಕ್ಕೆ ತಕ್ಕಂತೆ ಹೆಚ್ಚಬೇಕು, ಬರೀ ಗಾಳಿ ತುರುಕಿ ಹೊಟ್ಟೆಗೆ ಹಾಕದಿದ್ದರೆ ಪಿಸ್ಟನ್ ಕರಗುತ್ತದೆ. ಅದನ್ನೂ ಸರಿಮಾಡಿಸಿದರು. ಇಂಜಿನ್ನಿನ ವಿಷಯದಲ್ಲಿ ಇಷ್ಟು ಸಣ್ಣ ನ್ಯಾಯ ಎಲ್ಲರಿಗೂ ಅರ್ಥವಾಗುತ್ತದೆ.

ಮುಂದಿನ ಭಾನುವಾರ ಗಂಡ ಹೆಂಡತಿ ಹೊರಟರು. ಏರಿನಲ್ಲಿ ಕಾರು ಸಿಳ್ಳು ಹಾಕುತ್ತ ಲಾರಿಗಳನ್ನು ದಾಟಿತು. ಹೆಂಡತಿ ಕಣ್ಣು ಮುಚ್ಚಿಕೊಂಡು, “ತಲುಪಿದ ಮೇಲೆ ಎಬ್ಬಿಸಿ” ಎಂದಳು. ಅರ್ಧ ಗಂಟೆ ತುಂಬುವ ಮೊದಲೇ ಮಗಳ ಮನೆಯ ನೀಲಿ ಬಾಗಿಲು. ಬಂದೆ ಆ ಮೂರು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಹತ್ತಿದ.

ಕೈ ತೊಳೆದು ಕೂತ. ಮಗಳು ತಟ್ಟೆ ಇಟ್ಟಳು, ಅನ್ನ ಬಡಿಸಿದಳು. ಬೀಗಿತಿ, “ಅಂತೂ ಬಂದ್ರಲ್ಲ” ಅನ್ನುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು.

ಅವನ ಕೈ ಅನ್ನದ ಮೇಲಿತ್ತು. ಬಾಯಿ ತಾನಾಗಿ ಹೇಳಿತು: “ಬಂದೆ, ಬಂದೆ.”

ಹೆಂಡತಿಯನ್ನು ಅಲ್ಲೇ ಬಿಟ್ಟು ಹೊರಟ. ಇಳಿಜಾರಿನ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಎದುರಾದ. ಕಾರಿನ ರಭಸಕ್ಕೆ ಬೆದರಿ ಅವನು ಹ್ಯಾಂಡಲ್ ತಿರುಗಿಸಿ ಚರಂಡಿಗೆ ಬಿದ್ದ. ಬಂದೆ ನಿಲ್ಲಿಸಿ ಎತ್ತಿ ಕೂರಿಸಿದ. ಮೊಣಕೈ ತರಚಿತ್ತು, ಅಷ್ಟೇ. “ಎಲ್ಲಿ ಬೆಂಕಿ ಬಿದ್ದಿದೆ ಅಂತ ಹೀಗೆ ಓಡಿಸ್ತೀಯಯ್ಯಾ?” ಎಂದು ಕೇಳಿದ ಸೈಕಲ್ಲಿನವನು. ಬೆಂಕಿ ಎಲ್ಲೂ ಬಿದ್ದಿರಲಿಲ್ಲ. ಆದರೂ ಅರ್ಧ ಗಂಟೆಯೊಳಗೆ ತಲುಪಿದ, ಬಾಗಿಲು ತೆರೆದ. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಹೊರಗೆ ಬಂದು, “ಸದ್ಯ, ಬೇಗ ಬಂದ್ರಿ” ಎಂದಳು.

ಸುದ್ದಿ ಮ್ಯಾನೇಜರಿಗೆ ಮುಟ್ಟಿತು. ಕರೆಸಿ, ಬೆನ್ನು ತಟ್ಟಿ, “ಗುಡ್ಡದಾಚೆಯಿಂದ ಅರ್ಧ ಗಂಟೇಲಿ! ಭೇಷ್. ಅಲ್ಲೂ ನಮ್ಮ ನಾಲ್ಕು ಕಟ್ಟಡ ಇವೆ, ಅಲ್ಲಿನವನು ಬಿಟ್ಟುಹೋಗಿದಾನೆ. ಇನ್ನು ಅವನ್ನೂ ನೀವೇ ನೋಡ್ಕೊಳ್ಳಿ. ಮಗಳ ಊರು ಬೇರೆ!” ಎಂದ.

ಹಗ್ಗ ಉದ್ದ ಮಾಡಿಕೊಳ್ಳಲು ಇವನು ಮೈ ಮುರಿದು ದುಡಿದ. ಉದ್ದವಾದ ಹಗ್ಗಕ್ಕೆ ಅವರು ಇನ್ನೊಂದು ಗಾಡಿ ಕಟ್ಟಿದರು. ಬೇಗ ಓಡುವವನಿಗೆ ಬಿಡುವು ಸಿಗುತ್ತದೆ ಅಂತ ನಂಬಿಸಿರುವವರ ನಾಲಿಗೆಗೂ ಆ ಬೆಲ್ಟನ್ನೇ ಬಿಗಿಯಬೇಕು. ಬೇಗ ಓಡುವವನಿಗೆ ಸಿಗುವುದು ಇನ್ನಷ್ಟು ಓಟ.

ಈಗ ಬಂದೆ ವಾರಕ್ಕೆರಡು ಸಲ ಮಗಳ ಊರಿನಲ್ಲಿರುತ್ತಾನೆ, ಮಗಳ ಮನೆಯಲ್ಲಲ್ಲ. ಅಲ್ಲಿನ ಕೆಲಸ ಮುಗಿಯುವ ಮೊದಲೇ ಇಲ್ಲಿನ ಕರೆ, ಇಲ್ಲಿಗೆ ತಲುಪುವ ಮೊದಲೇ ಅಲ್ಲಿನದು.

ಒಂದು ಮಧ್ಯಾಹ್ನ ಅಲ್ಲಿಯ ಕಟ್ಟಡವೊಂದರ ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿದ್ದ; ಬೆಳಿಗ್ಗೆಯೇ ಮಗಳಿಗೆ ಫೋನಿನಲ್ಲಿ ಹೇಳಿದ್ದ. ಬಾಗಿಲಿನಿಂದ ನೋಡಿದರೆ ಕೆಳಗೆ, ಎರಡು ಬೀದಿಯಾಚೆ, ಆ ನೀಲಿ ಬಾಗಿಲು ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದವನಿಗೆ ಅದು ತೆರೆದದ್ದೂ, ಮಗಳು ಡಬ್ಬಿ ಹಿಡಿದು ಹೊರಟದ್ದೂ ಕಂಡಿತು. ಲಿಫ್ಟು ಬಿಚ್ಚಿಟ್ಟಿದ್ದರಿಂದ ಅಷ್ಟೂ ಮಹಡಿ ಹತ್ತಿ ಬಂದಳು.

“ನೀನು ಆ ಮೂರು ಮೆಟ್ಲು ಮತ್ತೆ ಹತ್ತಲಿಲ್ಲ, ನಾನು ಎಷ್ಟು ಹತ್ತಿದೆ ನೋಡು” ಎಂದು ಏದುಸಿರು ಬಿಡುತ್ತ ಡಬ್ಬಿ ಬಿಚ್ಚಿದಳು. ಬಂದೆ ಉಪಕರಣದ ಪೆಟ್ಟಿಗೆಯ ಮೇಲೆ ಕೂತ. ಎರಡು ತುತ್ತು ಇಳಿದಿತ್ತು, ಫೋನು ಬಡಿದುಕೊಂಡಿತು. ಅವನ ಬಾಯಿ ತುಂಬಿತ್ತು. ಮಗಳು ಅವನ ಕುತ್ತಿಗೆಯಿಂದ ದಾರ ತೆಗೆದು ಫೋನು ಕಿವಿಗಿಟ್ಟಳು.

“ಹಲೋ. ಒಳಗೆ ಎಷ್ಟು ಜನ ಇದೀರಿ? ಲೈಟಿದೆಯಾ, ಫ್ಯಾನಿದೆಯಾ? ಯಾರಿಗೂ ಹುಷಾರು ತಪ್ಪಿಲ್ಲ ತಾನೇ? ಹಾಗಾದ್ರೆ ಕೂತ್ಕೊಳ್ಳಿ. ನಮ್ಮಪ್ಪ ಊಟ ಮಾಡ್ತಿದಾರೆ. ಮುಗಿಸಿ ಬರ್ತಾರೆ.”

ಆ ಕಡೆಯಿಂದ ಒಬ್ಬ ಗಂಡಸಿನ ದನಿ: “ಏನಡುಗೆಯಮ್ಮಾ?”

“ಬದನೆಕಾಯಿ.”

“ಆಗ್ಲಿ, ನಿಧಾನ ಬರ್ಲಿ. ನಾನೊಬ್ಬನೇ ಇರೋದು, ಪೇಪರ್ ಓದ್ತಿರ್ತೀನಿ.”

ಬಂದೆ ಊಟ ಮುಗಿಸಿದ. ಡಬ್ಬಿಯ ತಳವನ್ನು ಬೆರಳಿನಿಂದ ಬಳಿದು ತಿಂದ. ಗುಡ್ಡದ ದಾರಿಯಲ್ಲಿ ಲಾರಿಗಳ ಹಿಂದೆಯೇ ಬಂದ. ಬಾಗಿಲು ತೆರೆದಾಗ ಒಂದು ಗಂಟೆ ಕಳೆದಿತ್ತು.

ಸಂಜೆ ಮ್ಯಾನೇಜರ ಫೋನು ಬಂತು. ಹತ್ತಿರ ನಿಂತಿದ್ದ ಹೆಂಡತಿಗೂ ಆ ದನಿ ಕೇಳಿಸುತ್ತಿತ್ತು.

“ಏನ್ರೀ ಇದು, ಒಂದು ಗಂಟೆ? ಗಾಡಿ ಕೆಟ್ಟಿತ್ತಾ?”

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿ ಕಣ್ಣಿನಲ್ಲೇ ಹೂಂ ಅನ್ನಿ ಎಂದು ಸನ್ನೆ ಮಾಡಿದಳು.

“ಇಲ್ಲ ಸಾರ್, ಗಾಡಿ ಚೆನ್ನಾಗೇ ಇದೆ. ಊಟ ಮಾಡ್ತಿದ್ದೆ” ಎಂದ ಬಂದೆ.